ತಾಂಡೇಲನ ಹೊಟ್ಟೆಯಲ್ಲಿ ಮೀನಿಲ್ಲ

ಜೂನ್ ೩

ಸಂಡಾಸ: ೧೧.

ಹೊಟ್ಟೆ ಡಾಕ್ಟರಮ್ಮ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ದಿನಕ್ಕೆ ಎಷ್ಟು ಸಲ ಹೋದೆ ಎಂದು ಬರೆದಿಡಬೇಕಂತೆ. ಮಗಳು ಅರ್ಚನಾ ತನ್ನ ಬಿ.ಕಾಂ. ನೋಟ್‌ಬುಕ್ಕು ಕೊಟ್ಟಳು, ಹಿಂದಿನ ಹಾಳೆಗಳು ಖಾಲಿ ಇದ್ದವು. ಇಪ್ಪತ್ತೆಂಟು ವರ್ಷ ಸಮುದ್ರದಲ್ಲಿ ದುಡಿದು, ಒಂಬತ್ತು ವರ್ಷದಿಂದ ಭಟ್ಕಳ ಬಂದರಿನಲ್ಲಿ ದಾಸ ತಾಂಡೇಲ ಎನಿಸಿಕೊಂಡು, ಮೂವತ್ತು ಜನ ಸೇರಿ ದೊಡ್ಡ ಬಲೆ ಎಳೆಯುವ ಪರ್ಸಿನ್ ಬೋಟನ್ನು ನಡೆಸುವ ಮನುಷ್ಯ ಈಗ ಕುಳಿತು ಇದನ್ನು ಎಣಿಸಬೇಕು. ಬರೀ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಡಾಕ್ಟರಮ್ಮನಿಗೆ ಕೊಡುತ್ತೇನೆ. ಪುಸ್ತಕವನ್ನು ಯಾರಿಗೂ ತೋರಿಸುವುದಿಲ್ಲ.

ಕಾಯಿಲೆಯ ಹೆಸರು ಕ್ರೋನ್ಸ್. ಕರುಳಿನ ಗೋಡೆ ಊದಿ ಹುಣ್ಣಾಗುವುದು. ಎರಡು ವರ್ಷದಿಂದ ಇದೆ. ಮೊದಲು ಗ್ಯಾಸ್ ಎಂದರು, ಆಮೇಲೆ ಪಿತ್ತ ಎಂದರು, ನನ್ನ ಹೆಂಡತಿ ಕಮಲಿಯ ದೊಡ್ಡಮ್ಮ ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸು ಸುಟ್ಟಳು. ಮೆಣಸಿನ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು, ಹೊಟ್ಟೆ ಮಾತ್ರ ಹಾಗೇ ಇತ್ತು.

ಬೋಟಿನಲ್ಲಿ ಸಂಡಾಸ ಇರುವುದಿಲ್ಲ. ಹಿಂದಕ್ಕೆ ಹೋಗಿ ಹಗ್ಗ ಹಿಡಿದು ಕೂರಬೇಕು. ಗಟ್ಟಿ ಆಳಿಗೆ ದಿನಕ್ಕೊಂದು ಸಲ ಅದೇನೂ ದೊಡ್ಡ ವಿಷಯವಲ್ಲ. ಹನ್ನೊಂದು ಸಲ ಹಗ್ಗ ಹಿಡಿದು ನೇತಾಡುವವನನ್ನು ತಾಂಡೇಲ ಎನ್ನುವುದಿಲ್ಲ, ಲಂಗರು ಎನ್ನುತ್ತಾರೆ. ಮಾರ್ಚಿನಲ್ಲಿ ಒಂದು ದಿನ ನಾನು ಹಿಂದೆ ಹಗ್ಗ ಹಿಡಿದು ಕುಳಿತಿದ್ದಾಗಲೇ ಎದುರಿಗೆ ಬಂಗಡೆಯ ದೊಡ್ಡ ಹಿಂಡು ಬಂದು, ಬಲೆ ಬಿಡಿ ಎನ್ನುವವರಿಲ್ಲದೆ ಹೊರಟೇ ಹೋಯಿತು. ಹುಡುಗರಿಗೆ ಹರಕೆ ಇದೆ, ಸೂರ್ಯನಿಗೆ ಬೆನ್ನು ಹಾಕಿ ಜಪ ಮಾಡಬೇಕು ಎಂದು ಹೇಳಿದ್ದೆ. ನಂಬಿದರು ಅಂತ ಕಾಣುತ್ತದೆ.

ಈಗ ಮಳೆಗಾಲ, ಜೂನ್ ಜುಲೈ ಎರಡು ತಿಂಗಳು ಸರ್ಕಾರವೇ ಬೋಟು ಬಿಡಬೇಡಿ ಎನ್ನುತ್ತದೆ. ಆಗಸ್ಟಿಗೆ ಮೊದಲು ಹೊಟ್ಟೆ ಸರಿಯಾಗಬೇಕು. ಆಗದಿದ್ದರೆ ಬೋಟಿನ ಚಕ್ರ ನನ್ನ ಕೈ ತಪ್ಪಿದಂತೆ. ಬೋಟಿನ ಮಾಲಕರು ಪ್ರಕಾಶ ಸಾವ್ಕಾರರು ಬಾಯಿ ಬಿಟ್ಟು ಹೇಳಿಲ್ಲ. ಆದರೆ ಈಚೆಗೆ ಅವರು ಕಮಲಿಯ ತಮ್ಮ ಜಟ್ಟಿಯ ಹತ್ತಿರ ಬಹಳ ನಗುನಗುತ್ತಾ ಮಾತಾಡುತ್ತಾರೆ.

ಜೂನ್ ೬

ಸಂಡಾಸ: ೧೦ (ರೈಲಿನಲ್ಲಿ ೩).

ಕುಮಟಾಕ್ಕೆ ಹೋಗಿಬಂದೆ. ಡಾಕ್ಟರಮ್ಮ ಮಂಗಳೂರಿನವರು, ಕುಮಟಾದ ಒಂದು ನರ್ಸಿಂಗ್ ಹೋಮಿಗೆ ಆಗಾಗ ಬರುತ್ತಾರೆ. ಬಸ್ಸಿಗಿಂತ ರೈಲು ಲೇಸು. ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿಯಲ್ಲಿ ನನಗೆ ಹದಿನಾಲ್ಕು ಸಂಡಾಸ ಗೊತ್ತು. ನಾಲ್ಕಕ್ಕೆ ಚಿಲಕವಿಲ್ಲ, ಎರಡಕ್ಕೆ ನೀರಿಲ್ಲ, ಮಂಕಿಯ ಹತ್ತಿರದ ಒಂದಕ್ಕೆ ಬಾಗಿಲೇ ಇಲ್ಲ, ಎದುರಿಗೆ ಒಂದು ಎಮ್ಮೆ ಕಟ್ಟಿರುತ್ತಾರೆ. ಅದು ಕಣ್ಣು ಮಿಟುಕಿಸದೆ ನೋಡುತ್ತದೆ. ರೈಲಿನಲ್ಲಾದರೆ ಪ್ರತಿ ಡಬ್ಬಿಗೆ ನಾಲ್ಕು ಸಂಡಾಸ. ರೈಲು ಕಂಡುಹಿಡಿದವನಿಗೂ ನನ್ನದೇ ಕಾಯಿಲೆ ಇದ್ದಿರಬೇಕು.

ಅರ್ಚನಾಳಿಗೆ ಪರೀಕ್ಷೆ, ಕಮಲಿಗೆ ಒಣಮೀನು ಮಾರುವ ಸಂತೆ. ಹಾಗಾಗಿ ಜಟ್ಟಿ ಜೊತೆಗೆ ಬಂದ. ಅವನಿಗೆ ಕಾಯಿಲೆಯ ವಿಷಯ ಗೊತ್ತು, ಬೋಟಿನ ಬೇರೆ ಯಾರಿಗೂ ಹೇಳುವುದಿಲ್ಲ ಎಂದು ದೇವರ ಮೇಲೆ ಆಣೆ ಮಾಡಿಸಿದ್ದೇನೆ.

ಡಾಕ್ಟರಮ್ಮ ವಿಷಯವನ್ನು ಚೆನ್ನಾಗಿ ಬಿಡಿಸಿ ಹೇಳಿದರು. ಈ ಹೊಸ ಇಂಜೆಕ್ಷನ್ ಎಲ್ಲರಿಗೂ ಹಿಡಿಯುವುದಿಲ್ಲವಂತೆ. ಕೆಲವರಿಗೆ ತಿಂಗಳುಗಟ್ಟಲೆ ಚುಚ್ಚಿದರೂ ನೀರಿನಲ್ಲಿ ಹೋಮ ಮಾಡಿದ ಹಾಗೆ. ಮೊದಲೆಲ್ಲ ಕಾದು ಕಾದು ಕೊನೆಗೆ ನಳಿಕೆ ಹಾಕಿ ನೋಡಬೇಕಿತ್ತು. ಈಗ ಹೊಟ್ಟೆಯ ಮೇಲೆ ಯಂತ್ರ ಇಟ್ಟರೆ ಕರುಳಿನ ಗೋಡೆ ಪರದೆಯಲ್ಲಿ ಕಾಣುತ್ತದೆ. ಇವತ್ತೊಂದು ಸಲ ನೋಡುವುದು, ಆರು ವಾರ ಬಿಟ್ಟು ಇನ್ನೊಂದು ಸಲ ನೋಡುವುದು. ಎರಡನ್ನೂ ಹೋಲಿಸಿದರೆ ಮದ್ದು ಮುಂದೆ ಹಿಡಿಯುತ್ತದೋ ಇಲ್ಲವೋ ಆಗಲೇ ಹೇಳಿಬಿಡಬಹುದು. ಹಿಡಿಯದಿದ್ದರೆ ಬೇರೆ ಮದ್ದು, ಅದೂ ಆಗದಿದ್ದರೆ ಕರುಳಿನ ತುಂಡು ಕತ್ತರಿಸುವುದು. ಕತ್ತರಿಸುವ ಮಾತು ಬಂದಾಗ ಜಟ್ಟಿ ನನ್ನ ಕೈ ಹಿಡಿದುಕೊಂಡ. ಯಾಕೆ ಹಿಡಿದ ಎಂದು ತಿಳಿಯಲಿಲ್ಲ, ಬಿಡಿಸಿಕೊಂಡೆ.

ನನಗೆ ಡಾಕ್ಟರಮ್ಮನ ಮೇಲೆ ಒಮ್ಮೆಗೇ ಗೌರವ ಬಂತು. ಇದು ನನ್ನದೇ ಕಸುಬು. ಬಲೆ ಬಿಡುವ ಮೊದಲು ಫಿಶ್ ಫೈಂಡರಿನ ಪರದೆ ನೋಡಿ ಕೆಳಗೆ ಮೀನು ಇದೆಯೋ ಇಲ್ಲವೋ ಹೇಳುವುದೇ ಒಂಬತ್ತು ವರ್ಷದಿಂದ ನನ್ನ ಕೆಲಸ. ಇಡೀ ಬಂದರಿನಲ್ಲಿ ಪರದೆ ಓದುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಟ್ಟಿ ಇನ್ನೂ ಹಕ್ಕಿ ನೋಡಿ, ನೀರಿನ ಬಣ್ಣ ನೋಡಿ ಮೀನು ಹುಡುಕುವವನು.

ತಣ್ಣಗಿನ ಅಂಟು ಹಚ್ಚಿ ಯಂತ್ರ ಒತ್ತಿದರು. ಪರದೆ ನಮ್ಮದರಂತೆಯೇ. ಕಪ್ಪು, ಬೂದಿ, ಅಡ್ಡ ಪಟ್ಟೆ. ಒಂದು ಗುಂಡಿ ಒತ್ತಿದ ಕೂಡಲೇ ಪಟ್ಟೆಯ ತುಂಬ ಕೆಂಪು ಕೆಂಪು ಮಿಣುಕತೊಡಗಿತು. ನಮ್ಮ ಪರದೆಯಲ್ಲಿ ಕೆಂಪು ಎಂದರೆ ಹಿಂಡು ದಟ್ಟವಾಗಿದೆ, ಕಣ್ಣು ಮುಚ್ಚಿ ಬಲೆ ಬಿಡಬಹುದು ಎಂದು ಅರ್ಥ. ಜಟ್ಟಿ ನನ್ನ ಕಿವಿಯಲ್ಲಿ "ಭಾವ, ತಾರ್ಲೆ ಭರ್ತಿ ಅದೆ" ಅಂದ. ತಾರ್ಲೆ ಮೀನಲ್ಲ, ಬಂಗಡೆ ಇರಬೇಕು ಎಂದೆ ನಾನು. ಡಾಕ್ಟರಮ್ಮ ಇಬ್ಬರಿಗೂ ಸುಮ್ಮನಿರಲು ಹೇಳಿದರು. ಗೋಡೆ ಆರೂವರೆ ಮಿಲಿಮೀಟರ್ ಇದೆ, ರಕ್ತದ ಓಟ ಜಾಸ್ತಿ ಇದೆ ಎಂದು ನರ್ಸಿಗೆ ಬರೆಸಿದರು. ಗೋಡೆ ದಪ್ಪ, ರಕ್ತದ ಓಟ ಜೋರು. ಗಟ್ಟಿಮುಟ್ಟಾದ ಕರುಳು. ಡಾಕ್ಟರಮ್ಮನ ಮುಖ ಯಾಕೋ ಸಪ್ಪಗಿತ್ತು. ಬೆಳಿಗ್ಗೆಯಿಂದ ಉಂಡಿರಲಿಕ್ಕಿಲ್ಲ.

ಮೊದಲ ಇಂಜೆಕ್ಷನ್ ಅಲ್ಲೇ ಕೊಟ್ಟರು. ಬರುವಾಗ ಜಟ್ಟಿ ಹೊನ್ನಾವರ ಸ್ಟೇಷನ್ನಿನಲ್ಲಿ ಎರಡು ಚಾ ಕೊಡಿಸಿದ. ಪರದೆ ತುಂಬ ಕೆಂಪಿತ್ತು ಎಂದು ಮನೆಯಲ್ಲಿ ಹೇಳಿದೆ. ಬಲೆ ಮೇಲೆ ಬರುವ ಮೊದಲು ಮೀನಿನ ಹೆಸರು ಎತ್ತಬಾರದು ಎಂದು ಬೋಟಿನಲ್ಲಿ ಎಲ್ಲರಿಗೂ ಬೈಯುವವನು ನಾನೇ. ಆದರೆ ಇಂಥ ಕೆಂಪನ್ನು ಕಂಡು ಬಾಯಿ ಮುಚ್ಚಿಕೊಂಡಿರುವುದು ಹೇಗೆ.

ಜೂನ್ ೭

ಸಂಡಾಸ: ೧೦.

ಮುಂದಿನ ಇಂಜೆಕ್ಷನ್ನುಗಳನ್ನು ಮನೆಗೆ ಕೊಟ್ಟಿದ್ದಾರೆ, ತಣ್ಣಗೆ ಇಡಬೇಕಂತೆ. ತಣ್ಣಗೆ ಇಡುವುದನ್ನು ಮೀನುಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಮತ್ತು ಜಟ್ಟಿ ಐಸ್ ಪ್ಲಾಂಟಿನಿಂದ ಒಂದು ಬಾಕ್ಸ್ ಪುಡಿ ಐಸ್ ತಂದು, ಒಂದು ಪದರ ಐಸ್, ಒಂದು ಪದರ ಇಂಜೆಕ್ಷನ್, ಮೇಲೆ ಮತ್ತೆ ಐಸ್ ಹಾಕಿ, ಎರಡು ಹಿಡಿ ಉಪ್ಪು ಎರಚಿ ಮುಚ್ಚಲಿದ್ದೆವು. ಅರ್ಚನಾ ಬಂದು ಕೂಗಿಕೊಂಡಳು. ಗಟ್ಟಿಯಾದರೆ ಮದ್ದು ಹಾಳಂತೆ, ಪೊಟ್ಟಣದ ಮೇಲೆ ಬರೆದಿದೆಯಂತೆ. ಈಗ ಫ್ರಿಜ್ಜಿನಲ್ಲಿ ಮೊಟ್ಟೆಯ ಪಕ್ಕ ಇದೆ. ಐಸ್ ವ್ಯರ್ಥವಾಯಿತು ಎಂದು ಜಟ್ಟಿ ಸಂಜೆಯವರೆಗೆ ಅದನ್ನು ಬೀದಿಯ ಮಕ್ಕಳಿಗೆ ಬೆಲ್ಲದ ನೀರು ಹಾಕಿ ಹಂಚಿದ. ಉಪ್ಪು ಬಿದ್ದದ್ದನ್ನು ಯಾರಿಗೂ ಹೇಳಲಿಲ್ಲ.

ಜೂನ್ ೧೪

ಸಂಡಾಸ: ೯.

ಬಂದರಿನ ಶೆಡ್ಡಿನಲ್ಲಿ ಬಲೆ ರಿಪೇರಿ. ನಾನು ಎರಡು ಗಂಟೆಯಲ್ಲಿ ನಾಲ್ಕು ಸಲ ಎದ್ದು ಹೋದೆ. ನಾಗ ಎನ್ನುವ ನಮ್ಮ ಬೋಟಿನ ಕಲಾಸಿ, ತಾಂಡೇಲರ ಹರಕೆ ಮಳೆಗಾಲದಲ್ಲೂ ಉಂಟಾ ಎಂದು ಕೇಳಿದ. ಉಳಿದವರು ಬಲೆಯೊಳಗೆ ಮುಖ ಹುದುಗಿಸಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಹುಣ್ಣಾಗಿ ನೋಡಿದರೆ ಗೊತ್ತಾಗುತ್ತಿತ್ತು ಅವರಿಗೆ. ಜಟ್ಟಿ ಮಾತ್ರ ನಗಲಿಲ್ಲ. ಅವನು ಯಾಕೆ ನಗಲಿಲ್ಲ ಎಂಬುದೇ ನನಗೆ ಅನುಮಾನ. ಮನಸ್ಸಿನಲ್ಲಿ ಆಗಲೇ ಚಕ್ರ ಹಿಡಿದಿರಬೇಕು.

ಜೂನ್ ೨೩

ಸಂಡಾಸ: ೭. ಮಳೆಯ ತಂಪಿಗೆ ಕಡಿಮೆ.

ಎರಡನೇ ಇಂಜೆಕ್ಷನ್ ಆಗಿ ಮೂರು ದಿನವಾಯಿತು. ಏನೂ ಗೊತ್ತಾಗುವುದಿಲ್ಲ. ಕಮಲಿ ಗಂಜಿಗೆ ಬರೀ ಉಪ್ಪು ಹಾಕಿ ಕೊಡುತ್ತಾಳೆ. ಪಕ್ಕದ ಮನೆಯಿಂದ ಮೀನು ಹುರಿಯುವ ವಾಸನೆ ಬರುತ್ತದೆ. ಬಾಗಿಲು ಹಾಕು ಎಂದರೆ, ವಾಸನೆಗೆ ಪಥ್ಯ ಇಲ್ಲ ಎನ್ನುತ್ತಾಳೆ.

ಜುಲೈ ೫

ಸಂಡಾಸ: ೪.

ಗಂಜಿ ಕುಡಿದರೆ ಹೊಟ್ಟೆಯಲ್ಲಿ ಏನಿರುತ್ತದೆ ಹೊರಬರಲು. ಅದಕ್ಕೇ ಕಡಿಮೆ. ನಿನ್ನೆ ಮೂರನೇ ಇಂಜೆಕ್ಷನ್. ಎದುರು ಮನೆಯ ನರ್ಸ್ ರೇಖಾ ಬಂದು ಕೊಟ್ಟುಹೋದಳು.

ಬಂದರಿನಲ್ಲಿ ಫಿಶ್ ಫೈಂಡರನ್ನು ಬಿಚ್ಚಿ ಒರೆಸಿದೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟೆ. ಒಂದು ಕಡೆ ಕುಳಿತು ಮಾಡುವ ಕೆಲಸ, ಬೆಳಿಗ್ಗೆ ಶುರು ಮಾಡಿದವನು ಮುಗಿಸುವಾಗ ಮಧ್ಯಾಹ್ನ ಎರಡು ಗಂಟೆ. ಪ್ರಕಾಶ ಸಾವ್ಕಾರರು ಬಂದು ಜಟ್ಟಿಯ ಹೆಗಲ ಮೇಲೆ ಕೈ ಹಾಕಿ ಡೀಸೆಲ್ ವಿಷಯ ಮಾತಾಡಿದರು. ನನ್ನ ಹೆಗಲ ಮೇಲೂ ಹಾಕಿದರು, ಆದರೆ ಎರಡನೆಯದಾಗಿ.

ಜುಲೈ ೧೩

ಹೊನ್ನಾವರದಲ್ಲಿ ಕಮಲಿಯ ಕಡೆಯವರ ಮಗುವಿಗೆ ಹೆಸರಿಡುವ ಕಾರ್ಯ. ಹಿಂದಿರುಗುವಾಗ ಅರ್ಚನಾ ಅಪ್ಸರಕೊಂಡದ ಜಲಪಾತ ನೋಡಬೇಕು ಎಂದು ಹಟ ಹಿಡಿದಳು. ಮಳೆಗೆ ತುಂಬಿ ಸುರಿಯುತ್ತಿತ್ತು. ಬೆಂಗಳೂರಿನಿಂದ ಬಂದ ಒಂದು ಗುಂಪು ನೀರಿನ ಹತ್ತಿರ ನಿಂತು ಫೋಟೋ ತೆಗೆಸಿಕೊಳ್ಳುವಾಗ ಅವರಲ್ಲೊಬ್ಬನ ಟೋಪಿ ಹಾರಿತು. ನಾನು ಮೆಟ್ಟಿಲಿಳಿದು ಓಡಿ ಟೋಪಿ ಹಿಡಿದು ತಂದುಕೊಟ್ಟೆ. ಥ್ಯಾಂಕ್ಸ್ ಅಂಕಲ್ ಎಂದ. ಅಂಕಲ್ ಅಂತೆ. ಅವನ ತಲೆಯಲ್ಲಿ ನನಗಿಂತ ಕಡಿಮೆ ಕೂದಲಿತ್ತು.

ಮತ್ತೆ ಮೇಲೆ ಹತ್ತಿ, ಜೋಳ ಸುಟ್ಟುಕೊಡುವವಳ ಹತ್ತಿರ ಟೋಪಿಯವನ ವಿಷಯ ಹೇಳಿ ನಗುತ್ತಾ ಮೂರು ಜನವೂ ತೆನೆ ತಿಂದೆವು. ಕಮಲಿ ನನ್ನನ್ನೇ ನೋಡುತ್ತಿದ್ದಳು. ಎಂತ ಎಂದೆ. ಏನಿಲ್ಲ ಎಂದಳು. ಹಲ್ಲಿನಲ್ಲಿ ಜೋಳ ಸಿಕ್ಕಿಕೊಂಡಿತ್ತು, ಅದನ್ನು ನೋಡಿರಬೇಕು. ಭಟ್ಕಳಕ್ಕೆ ಬಸ್ಸಿನಲ್ಲಿ ಬಂದೆವು, ನಿದ್ದೆ ಹತ್ತಿತು, ಮಂಕಿ ಯಾವಾಗ ದಾಟಿತೋ ಗೊತ್ತಾಗಲಿಲ್ಲ.

ಜುಲೈ ೧೮

ಎಲ್ಲ ಮುಗಿಯಿತು.

ಇವತ್ತು ಎರಡನೇ ಸ್ಕ್ಯಾನ್. ಒಬ್ಬನೇ ಹೋದೆ. ಒಳ್ಳೆಯ ಸುದ್ದಿಯನ್ನು ನಾನೇ ಒಬ್ಬನೇ ತಂದು ಮನೆಯವರ ಎದುರಿಗೆ ಇಡಬೇಕು ಎಂಬ ಆಸೆಯಿತ್ತು. ಚೀಟಿಯನ್ನು ನರ್ಸಿಗೆ ಕೊಟ್ಟೆ. ಅಂಟು ಹಚ್ಚಿದರು, ಯಂತ್ರ ಒತ್ತಿದರು. ನಾನು ಕತ್ತು ತಿರುಗಿಸಿ ಪರದೆ ನೋಡಿದೆ. ದಪ್ಪ ಪಟ್ಟೆ ಎಲ್ಲಿ ಹೋಯಿತೋ, ನೂಲಿನಷ್ಟು ಗೆರೆ. ಡಾಕ್ಟರಮ್ಮ ಬಣ್ಣದ ಗುಂಡಿ ಒತ್ತಿದರು. ಕಪ್ಪು. ಆ ಕಡೆ ಒತ್ತಿದರು, ಕಪ್ಪು. ಈ ಕಡೆ ಒತ್ತಿದರು, ಕಪ್ಪು. ಒಂದು ಚುಕ್ಕೆ ಕೆಂಪಿಲ್ಲ. ಎಷ್ಟೋ ಸಲ ಡೀಸೆಲ್ ಸುಟ್ಟು ನಲವತ್ತು ಮಾರು ನೀರಿಗೆ ಹೋಗಿ ಇಂಥದ್ದೇ ಪರದೆ ನೋಡಿ ಬರಿಗೈಯಲ್ಲಿ ಬಂದಿದ್ದೇನೆ. ಖಾಲಿ ಸಮುದ್ರ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ.

ಡಾಕ್ಟರಮ್ಮ ನಕ್ಕರು. ರೋಗಿಗೆ ಧೈರ್ಯ ಹೇಳುವ ಮೊದಲು ಹಾಗೆ ನಗುತ್ತಾರೆ. ಹೊರಗೆ ಕೂತಿರಿ, ಕರೆಯುತ್ತೇನೆ, ಮಾತಾಡಲಿಕ್ಕುಂಟು ಎಂದರು. ಆ ಮಾತು ಏನೆಂದು ನನಗೆ ಗೊತ್ತು. ಕತ್ತರಿ. ಅಂಗಿಯ ಗುಂಡಿ ಹಾಕಿಕೊಂಡವನು ಬೆಂಚಿನ ಮೇಲೆ ಕೂರದೆ ನೆಟ್ಟಗೆ ಸ್ಟೇಷನ್ನಿಗೆ ನಡೆದೆ. ರೈಲಿನಲ್ಲಿ ಕಿಟಕಿಯ ಬದಿ ಕುಳಿತು ಶರಾವತಿ ನೋಡುತ್ತಾ ಅತ್ತೆ. ಎದುರಿನ ಹೆಂಗಸು ನನಗೆ ಚಕ್ಕುಲಿ ಕೊಟ್ಟಳು. ನಾಲ್ಕು ತಿಂದೆ.

ಜುಲೈ ೧೯

ಮದ್ದು ಹಿಡಿದಿಲ್ಲ ಎಂದು ಮನೆಯಲ್ಲಿ ಹೇಳಿದೆ. ಅರ್ಚನಾ ರಿಪೋರ್ಟ್ ಎಲ್ಲಿ ಎಂದಳು. ತಂದಿಲ್ಲ ಎಂದೆ. ರಿಪೋರ್ಟ್ ಇಲ್ಲದೆ ಹೇಗೆ ಗೊತ್ತು ಎಂದಳು. ತಾಂಡೇಲನಿಗೆ ಪರದೆ ಸಾಕು ಎಂದೆ. ಕಮಲಿ ಎದ್ದು ಒಳಗೆ ಹೋದಳು. ಪಾಪ.

ಪಥ್ಯ ಇವತ್ತಿಗೆ ಮುಗಿಯಿತು. ಸಾಯುವವನಿಗೆ ಗಂಜಿ ಯಾಕೆ. ಹೊಳೆಯಲ್ಲಿ ಸಣ್ಣ ದೋಣಿ ಬಿಡುವವರು ಸಿಗಡಿ ತಂದಿದ್ದರು. ಖಾರ ಹಾಕಿ ಮಾಡು ಎಂದೆ. ಮೂರು ಸಲ ಅನ್ನ ಹಾಕಿಸಿಕೊಂಡೆ. ಇನ್ನೆಷ್ಟು ದಿನವೋ.

ಜುಲೈ ೨೧

ಚಕ್ರವನ್ನು ಕೊಟ್ಟುಬಿಟ್ಟೆ.

ನಮ್ಮ ಬೋಟಿನಲ್ಲಿ ಒಂದು ಪದ್ಧತಿಯಿದೆ. ಸೀಸನ್ನಿಗೆ ಮೊದಲು ತಾಂಡೇಲನಾಗುವವನು ಬೋಟಿನ ಮೂತಿಯ ಎದುರು ನಿಂತು ವೀಳ್ಯ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಮುಂದಿನ ಮಳೆಗಾಲದವರೆಗೆ ಅವನೇ. ನಡುವೆ ಬದಲಾಯಿಸಿದರೆ ಬಲೆ ಹರಿಯುತ್ತದೆ, ಇದನ್ನು ಅಜ್ಜಂದಿರು ನೋಡಿದ್ದಾರೆ. ನಾನೇ ಪ್ರಕಾಶ ಸಾವ್ಕಾರರ ಹತ್ತಿರ ಹೋಗಿ, ನನ್ನಿಂದ ಆಗುವುದಿಲ್ಲ, ಜಟ್ಟಿಗೆ ಕೊಡಿ ಎಂದೆ. ಸಾವ್ಕಾರರು ಬೇಡ ಎಂದು ಒಂದೇ ಒಂದು ಸಲ ಹೇಳಿದರು. ಎರಡು ಸಲ ಹೇಳಬಹುದಿತ್ತು.

ಜಟ್ಟಿ ಮಾತ್ರ ಮೊದಲು ಒಪ್ಪಲಿಲ್ಲ. ಪರದೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲವಾ ಎಂದು ಮೂರು ಸಲ ಕೇಳಿದ. ಇರಲಿಲ್ಲ ಎಂದೆ. ಅವನೂ ಮೀನುಗಾರ, ಖಾಲಿ ಎಂದರೆ ಅರ್ಥವಾಗುತ್ತದೆ. ವೀಳ್ಯ ಹಿಡಿದಾಗ ಅವನ ಕೈಯಿಂದ ಅಡಿಕೆ ಜಾರಿ ಕೆಳಗೆ ಬಿತ್ತು. ನಾನೇ ಎತ್ತಿಕೊಟ್ಟೆ. ಬಹಳ ದೊಡ್ಡ ಮನುಷ್ಯನ ಹಾಗೆ ನಡೆದುಕೊಂಡೆ ಎಂದು ಬರುವಾಗ ಅನ್ನಿಸಿತು. ಮನೆ ಮುಟ್ಟುವಷ್ಟರಲ್ಲಿ ಹೊಟ್ಟೆಕಿಚ್ಚು ಶುರುವಾಗಿತ್ತು. ಆ ಜಾತಿಯ ಉರಿ ಪರದೆಯಲ್ಲಿ ಕಾಣುವುದಿಲ್ಲ ಅಂತ ಕಾಣುತ್ತದೆ.

ಜುಲೈ ೨೪

ಕುಮಟಾದ ನಂಬರಿನಿಂದ ದಿನಕ್ಕೆ ಎರಡು ಸಲ ಫೋನು. ಎತ್ತುವುದಿಲ್ಲ. ಸಮಾಧಾನದ ಮಾತು ನನಗೆ ಬೇಡ.

ಕೊನೆಯ ದಿನಗಳಲ್ಲಿ ಮನೆಯವರಿಗೆ ತೊಂದರೆಯಾಗಬಾರದು ಎಂದು ಹಿತ್ತಿಲ ಕಟ್ಟಿಗೆಯೆಲ್ಲ ಒಡೆದುಹಾಕಿದೆ. ಮಾಡಿನ ಮೇಲೆ ಹತ್ತಿ ಇಪ್ಪತ್ತಾರು ಹೆಂಚು ಬದಲಾಯಿಸಿದೆ. ಬಾವಿಯ ಗಡಗಡೆಗೆ ಎಣ್ಣೆ ಬಿಟ್ಟೆ. ಪ್ಯಾಂಟು ಸೊಂಟಕ್ಕೆ ಬಿಗಿಯಾಗಿದೆ, ಮಳೆಗೆ ಬಟ್ಟೆ ಕುಗ್ಗುತ್ತದೆ. ನೋಡಿದವರು ಪಾಪ ಎನ್ನಲಿ ಎಂದು ಸಂಜೆ ಜಗಲಿಯಲ್ಲಿ ಶಾಲು ಹೊದ್ದು ಕುಳಿತೆ. ಎದುರು ಮನೆಯ ರೇಖಾ, ದಾಸಣ್ಣ ಚಲೋ ಆಗಿದ್ರಲ್ಲ ಎಂದಳು. ನರ್ಸಾಗಿದ್ದೂ ಅವಳಿಗೆ ಕಣ್ಣಿಲ್ಲ.

ಬಂದರಿನ ಕಡೆ ಹೋಗಿದ್ದೆ. ಜಟ್ಟಿ ಬೋಟಿನ ಹಿಂಭಾಗದಲ್ಲಿ ನೀಲಿ ತಾಡಪಾಲು ಕಟ್ಟಿಕೊಂಡು ಒಳಗೆ ಟಕಟಕ ಬಡಿಯುತ್ತಿದ್ದಾನೆ. ಏನೆಂದು ಕೇಳಿದರೆ, "ಎಂತ ಇಲ್ಲ ಭಾವ, ಸಣ್ಣ ಕೆಲ್ಸ" ಅಂದು ಅಡ್ಡ ನಿಂತ. ಮೂರು ದಿನದ ಹಿಂದೆ ಕೈಯಿಂದ ವೀಳ್ಯದ ಅಡಿಕೆ ಜಾರಿತ್ತು, ಈಗ ಸುತ್ತಿಗೆ ಜಾರುವುದಿಲ್ಲ. ಹೊಸ ತಾಂಡೇಲನಿಗೆ ಕೂರಲು ಸಿಂಹಾಸನ ಆಗುತ್ತಿರಬೇಕು.

ಜುಲೈ ೨೭

ಹೇಗೆ ಬರೆಯಲಿ.

ನಾನು ಸ್ನಾನಕ್ಕೆ ಹೋದಾಗ ಅರ್ಚನಾ ಫೋನು ಎತ್ತಿದ್ದಾಳೆ. ಬರುವಷ್ಟರಲ್ಲಿ ಸ್ಪೀಕರಿನಲ್ಲಿ ಹಾಕಿ ಹಿಡಿದು ನಿಂತಿದ್ದಳು. ಡಾಕ್ಟರಮ್ಮ ಬೈಯುತ್ತಿದ್ದರು. ಸೊಂಟದಲ್ಲಿ ಟವೆಲು ಕಟ್ಟಿಕೊಂಡೇ ನಿಂತು ಕೇಳಿದೆ.

"ಎಲ್ಲಿಗೆ ಓಡಿದ್ದು ಮಾರಾಯ್ರೆ ನೀವು? ಗೋಡೆ ಆರೂವರೆ ಇದ್ದದ್ದು ಮೂರಕ್ಕೆ ಇಳಿದಿದೆ. ಕೆಂಪು ಒಂದು ಚುಕ್ಕೆ ಇಲ್ಲ. ಆರು ವಾರಕ್ಕೆ ಇಷ್ಟು ಇಳಿದರೆ ಮದ್ದು ಮುಂದೆಯೂ ಹಿಡಿಯುವ ಲಕ್ಷಣ."

ನಾನು ಮೆಲ್ಲಗೆ, ಪರದೆ ಖಾಲಿ ಇತ್ತಲ್ಲ ಎಂದೆ.

"ಖಾಲಿಯೇ ಇರಬೇಕು. ಹೊಟ್ಟೆಯಲ್ಲಿ ನಿಮಗೆ ಎಂತ ಮೀನು ಬೇಕಿತ್ತಾ?"

ಅರ್ಚನಾ ನಗು ತಡೆಯಲಾರದೆ ಫೋನನ್ನು ನನ್ನ ಕೈಗೆ ಕೊಟ್ಟು ಓಡಿದಳು. ಕೆಂಪು ಎಂದರೆ ಉರಿಯಂತೆ. ಊದಿಕೊಂಡ ಕಡೆಗೆ ರಕ್ತ ನುಗ್ಗಿದರೆ ಕೆಂಪಾಗಿ ಕಾಣುತ್ತದಂತೆ. ಮೊದಲ ದಿನದ ಕೆಂಪು ನೋಡಿ ನಾನೂ ಜಟ್ಟಿಯೂ ಚಾ ಕುಡಿದು ಸಂಭ್ರಮಿಸಿದ್ದು ನನ್ನ ಕರುಳಿಗೆ ಬೆಂಕಿ ಬಿದ್ದದ್ದನ್ನು. ಬುಡ ಸುಟ್ಟರೂ ಇದು ದೀಪಾವಳಿ ಎಂದು ಕೈ ತಟ್ಟುವ ಜಾತಿ ನಾವು.

ಇದು ವಾಸಿ ಎಂದಲ್ಲ, ಹತೋಟಿಗೆ ಬಂದಿದೆ, ಇಂಜೆಕ್ಷನ್ ಬಿಟ್ಟರೆ ಮತ್ತೆ ಬರುತ್ತದೆ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಹದಿನೆಂಟರಂದು ಕೊಡಬೇಕಾದದ್ದು ತಪ್ಪಿಹೋಗಿದೆ, ಇವತ್ತೇ ತೆಗೆದುಕೊಳ್ಳಿ ಎಂದರು. ರೇಖಾ ಬಂದು ಚುಚ್ಚಿದಳು. ನಾನು ಏನೂ ಹೇಳುವ ಮೊದಲೇ, ಮೊನ್ನೆಯೇ ಹೇಳಿದೆನಲ್ಲ ಎಂದಳು.

ಬಚಾವಾದೆ. ಖುಷಿಯಿಂದ ಕುಣಿಯಬೇಕು ಅನ್ನಿಸುತ್ತದೆ, ಅದೇ ಹೊತ್ತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಗಟ್ಟಿ ಆಳಾಗಿದ್ದುಕೊಂಡು, ಯಾರೂ ಕೇಳದೆಯೇ, ಒಂಬತ್ತು ವರ್ಷದ ಚಕ್ರವನ್ನು ಕೈಯಾರೆ ಎತ್ತಿ ಕೊಟ್ಟೆ. ವೀಳ್ಯ ವೀಳ್ಯವೇ. ವಾಪಸು ಕೇಳುವ ಹಾಗಿಲ್ಲ.

ಜುಲೈ ೨೮

ಕಮಲಿಯನ್ನು ಕೂರಿಸಿ ಕೇಳಿದೆ. ನಿನಗೆ ಗೊತ್ತಿತ್ತಾ?

ಗೊತ್ತಿತ್ತಂತೆ. ಸಂಡಾಸದ ಚಿಲಕದ ಸದ್ದನ್ನು ಅವಳು ಎರಡು ವರ್ಷದಿಂದ ಎಣಿಸುತ್ತಿದ್ದಳಂತೆ. ಜೂನ್ ಕೊನೆಗೆ ಸದ್ದು ಕಡಿಮೆಯಾಗಿದ್ದು, ಅಪ್ಸರಕೊಂಡದಲ್ಲಿ ನಾನು ಟೋಪಿಯ ಹಿಂದೆ ಓಡಿದ್ದು, ಎಲ್ಲ ನೋಡಿದ್ದಳು. ಹಾಗಾದರೆ ಬಾಯಿ ಬಿಟ್ಟು ಯಾಕೆ ಹೇಳಲಿಲ್ಲ ಎಂದು ಜೋರಾಗಿ ಕೇಳಿದೆ.

"ಬಲೆ ಮೇಲ್ ಬರೂಕೆ ಮೊದ್ಲು ಮೀನು ಅದೆ ಅನ್ಬಾರ್ದು ಅಂತ ನೀವೇ ಹೇಳೂದಲ್ಲ. ನಾ ಹೇಳಿ, ಮರುದಿವ್ಸ ಮತ್ತೆ ಸುರು ಆದ್ರೆ?"

ಸರಿ, ಅದು ಬಿಡು, ನಾನು ಚಕ್ರ ಕೊಡುವಾಗಲಾದರೂ ತಡೆಯಬಹುದಿತ್ತಲ್ಲ, ನಿನ್ನ ತಮ್ಮನಿಗೆ ಸಿಗಲಿ ಎಂದು ಸುಮ್ಮನಿದ್ದೆಯಾ ಎಂದೆ. ಆ ಮಾತು ಆಡಬಾರದಿತ್ತು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು.

"ಎರಡ್ ವರ್ಷ ನೀವು ಬೋಟ್ ಹತ್ತಿದ್ ದಿವ್ಸ ನಂಗೆ ಅನ್ನ ಇಳೀತಿರ್ಲಿಲ್ಲ. ಹಿಂದೆ ಹಗ್ಗ ಹಿಡ್ಕಂಡ್ ಕೂತಾಗ ಕೈ ಜಾರ್ದ್ರೆ ಯಾರ್ ನೋಡೂದು? ಒಂದ್ ವರ್ಷ ಅವ ಚಕ್ರ ಹಿಡೀಲಿ. ನೀವು ನಡೂಗೆ ಕೂತ್ಕಣಿ."

ನಾನು ಈ ವಿಷಯವನ್ನು ಯೋಚಿಸಿಯೇ ಇರಲಿಲ್ಲ. ಎರಡು ವರ್ಷ ನನ್ನ ಹೊಟ್ಟೆ, ನನ್ನ ಮಾನ, ನನ್ನ ಚಕ್ರ ಎಂದುಕೊಂಡೇ ಇದ್ದೆ. ಆತು ಎಂದೆ. ಜಟ್ಟಿಗೆ ಫೋನು ಮಾಡಿ ಪರದೆಯ ಸಂಗತಿ ತಿಳಿಸಿದೆ. ಆ ಕಡೆಯಿಂದ ಮೂಗು ಸೀಟಿದ ಸದ್ದು ಬಂತು. ನಿಮ್ಮ ವೀಳ್ಯ ನೀವೇ ತಕಣಿ ಎಂದ. ಬಲೆ ಹರಿದರೆ ಯಾರು ಹೊಲಿಯುವವರು, ನೀನೇ ಇರು, ನಾನು ಪರದೆ ನೋಡಲು ಬರುತ್ತೇನೆ ಎಂದೆ. ಪರದೆ ನೋಡೂದು ಬೇಡ ಭಾವ, ಸುಮ್ನೆ ಬನ್ನಿ ಎಂದ. ಅದಕ್ಕೆ ನನಗೆ ಸಿಟ್ಟು ಬರಬೇಕಿತ್ತು.

ಆಗಸ್ಟ್ ೪

ಮೂರು ದಿನ ಗಾಳಿ ಜೋರಿದ್ದು ಇವತ್ತು ಬೋಟು ಬಿಟ್ಟೆವು.

ಬೆಳಕು ಹರಿಯುವಾಗ ಎಲ್ಲರೂ ಬೋಟಿನಲ್ಲಿ ಸೇರಿದ್ದರು. ಮೂತಿಗೆ ಹೂವಿನ ಹಾರ, ಕಾಯಿ ಒಡೆದದ್ದಾಯಿತು. ಆಮೇಲೆ ಯಾರೂ ತಮ್ಮ ತಮ್ಮ ಜಾಗಕ್ಕೆ ಹೋಗಲಿಲ್ಲ. ಎಲ್ಲ ಹಿಂಭಾಗಕ್ಕೆ ನಡೆದರು, ನನ್ನನ್ನೂ ಕರೆದರು. ನೀಲಿ ತಾಡಪಾಲನ್ನು ಪ್ರಕಾಶ ಸಾವ್ಕಾರರ ಕೈಯಿಂದ ಎಳೆಸಿದರು.

ಒಳಗೆ ಸಿಂಹಾಸನ ಇರಲಿಲ್ಲ. ಸಂಡಾಸ ಇತ್ತು.

ಹಲಗೆಯ ಗೋಡೆ, ಮಳೆ ಬಾರದ ಹಾಗೆ ಮಾಡು, ಬೋಟಿನದೇ ನೀಲಿ ಹಳದಿ ಬಣ್ಣ. ಗಟ್ಟಿ ಬಾಗಿಲು, ಒಳಗೆ ಹಿತ್ತಾಳೆಯ ಚಿಲಕ. ಅಲೆಗೆ ಬೀಳದಿರಲಿ ಎಂದು ಎರಡೂ ಬದಿಗೆ ಹಿಡಿಕೆ. ಬಾಗಿಲಿಗೆ ಕುಂಕುಮ ಹಚ್ಚಿ ಸೇವಂತಿಗೆ ಮಾಲೆ ಹಾಕಿದ್ದರು. ಮೇಲೆ ಬಿಳಿ ಬಣ್ಣದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ದಾಸ ತಾಂಡೇಲ.

ಮೂವತ್ತು ಜನ ಸಾಲಾಗಿ ನಿಂತು ನನ್ನ ಮುಖ ನೋಡುತ್ತಿದ್ದರು. ಹರಕೆಯ ಕತೆಯನ್ನು ಅವರಲ್ಲಿ ಒಬ್ಬನೂ ಒಂದು ದಿನವೂ ನಂಬಿರಲಿಲ್ಲವಂತೆ. ಜಟ್ಟಿ ಆಣೆ ಮುರಿದಿಲ್ಲ, ಅವರಿಗೇ ಗೊತ್ತಿತ್ತು. ನಾಗ ಕೂಡ ನಾಲ್ಕು ದಿನ ಹಲಗೆ ಉಜ್ಜಿದ್ದಾನೆ. ನನಗೆ ಬಂದರಿನ ನೀರಿಗೆ ಹಾರಬೇಕು ಅನ್ನಿಸಿತು.

ಜಟ್ಟಿಯನ್ನು ಬದಿಗೆ ಕರೆದು, ಇದೆಲ್ಲ ಎಂತದೋ ಎಂದು ಕೇಳಿದೆ. ಅವನು ನನ್ನ ಮುಖ ನೋಡದೆ ಹೇಳಿದ.

"ಖಾಲಿ ಅಂದ್ರಿ ಭಾವ ನೀವು. ಹುಷಾರಾಗೂದಿಲ್ಲ ಅಂದ್ರೆ ಹುಷಾರಿಲ್ದೇನೇ ಬರ್ಲಿ ಅಂದ್ಕಂಡೆ. ನೀವಿಲ್ದೆ ನಾ ಬೋಟ್ ಹೆಂಗೆ ಬಿಡೂದು?"

ಹುಷಾರಾದದ್ದು ಗೊತ್ತಾಗುವ ಹೊತ್ತಿಗೆ ಎರಡನೇ ಕೈ ಬಣ್ಣವೂ ಆಗಿತ್ತಂತೆ.

ಮಧ್ಯಾಹ್ನ ಒಂದು ಸಲ ಬಲೆ ಬಿಟ್ಟೆವು. ಜಟ್ಟಿ ಹಕ್ಕಿ ನೋಡಿ ಬಿಡಿಸಿದ, ತಾರ್ಲೆ ಸುಮಾರಾಗಿ ಬಂತು. ನಾನು ಎಲ್ಲರ ಜೊತೆ ಬಲೆ ಎಳೆದೆ. ಒಂಬತ್ತು ವರ್ಷ ಎಳೆಯದೆ ಕೈ ಮೆತ್ತಗಾಗಿದೆ, ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಪೆನ್ನು ಹಿಡಿಯಲು ಕಷ್ಟ.

ಸಂಡಾಸ ನನಗೆ ಬೇಕಾಗಲೇ ಇಲ್ಲ. ಆದರೆ ಜಟ್ಟಿ ಬೆಳಿಗ್ಗೆಯಿಂದ ಅರ್ಧ ಗಂಟೆಗೊಮ್ಮೆ ಹಿಂದೆ ತಿರುಗಿ ಒಮ್ಮೆ ನನ್ನನ್ನು, ಒಮ್ಮೆ ಆ ಬಾಗಿಲನ್ನು ನೋಡುತ್ತಿದ್ದ. ನಾಲ್ಕು ಗಂಟೆಗೆ ದಡ ಕಾಣತೊಡಗಿದಾಗ ಅವನ ಮುಖ ಸಣ್ಣದಾಯಿತು. ನೋಡಲಾರದೆ ಎದ್ದೆ. ಮಾಲೆ ಸರಿಸಿ ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಹೊಸ ಬಣ್ಣದ ವಾಸನೆ. ಎರಡೂ ಹಿಡಿಕೆ ಹಿಡಿದು ಕುಳಿತು, ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ, ಸಾಕೆನಿಸುವಷ್ಟು ಅತ್ತೆ. ಆಮೇಲೆ ಒಂದು ತಂಬಿಗೆ ನೀರನ್ನು ಸದ್ದಾಗುವ ಹಾಗೆ ಸುರಿದು ಹೊರಗೆ ಬಂದೆ.

ಜಟ್ಟಿ ಚಕ್ರ ಹಿಡಿದುಕೊಂಡೇ ಕತ್ತು ತಿರುಗಿಸಿದ.

"ಆತಾ ಭಾವ?"

"ಆತು."